ಏಳು ಹಾಲಿಗೆ ಆರು ಕಲ್ದಾರ: ಬೀದರ್ ಸೀಮೆಯ ವಿನಿಮಯ ದರ

ನಿಜಾಮರ ಕಾಲದಲ್ಲಿ ಕಮಠಾಣ, ಭಾಲ್ಕಿ, ಔರಾದ ಸೀಮೆಯ ರೈತ ಕಂದಾಯ ಕಟ್ಟುತ್ತಿದ್ದುದು ಹೈದರಾಬಾದ್ ಸಂಸ್ಥಾನದ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ. ಬ್ರಿಟಿಷ್ ಭಾರತದ ರೂಪಾಯಿಗೆ ಇಲ್ಲಿ ಕಲ್ದಾರ ಎನ್ನುತ್ತಿದ್ದರು. ಸೊಲ್ಲಾಪುರದ ಪೇಟೆ ಬ್ರಿಟಿಷರ ಆಡಳಿತದಲ್ಲಿತ್ತು. ಹೀಗಾಗಿ ಗಡಿ ದಾಟಿದ ತೊಗರಿ, ಹತ್ತಿಯ ಲೆಕ್ಕವೆಲ್ಲ ಎರಡು ನಾಣ್ಯಗಳಲ್ಲಿ ನಡೆಯುತ್ತಿತ್ತು. 100 ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ; ಎಂದರೆ ಏಳು ಹಾಲಿಗೆ ಆರು ಕಲ್ದಾರ.

ಈ ದರ ತಾನಾಗಿ ನಿಂತದ್ದಲ್ಲ. ಸುಗ್ಗಿಯಲ್ಲಿ ಹೊರಗಿನ ವರ್ತಕರು ಮಾಲು ಕೊಳ್ಳಲು ಬಂದಾಗ ಹಾಲಿಗೆ ಬೇಡಿಕೆ ಏರುತ್ತಿತ್ತು, ಮಳೆಗಾಲಕ್ಕೆ ಇಳಿಯುತ್ತಿತ್ತು. ಆ ಏರಿಳಿತದಲ್ಲೇ ನಾಣ್ಯ ಬದಲಿಸುವ ಸರಾಫರ ವಟ್ಟ. ಏರಿಳಿತ ತಡೆಯಲು ಸಂಸ್ಥಾನ ಸ್ಥಿರೀಕರಣ ನಿಧಿ ಇಟ್ಟುಕೊಂಡಿತ್ತು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಅಭಾವವಾದಾಗ, 1918ರಲ್ಲಿ, ತನ್ನದೇ ನೋಟುಗಳನ್ನೂ ಹೊರಡಿಸಿತು.

ಸ್ವಂತ ನಾಣ್ಯವಿದ್ದರೂ ಸ್ವಂತ ಹಣಕಾಸು ನೀತಿ ಹೈದರಾಬಾದಿಗೆ ಇರಲಿಲ್ಲ ಎಂಬುದು ನನ್ನ ವಾದ. ದರ ಕಟ್ಟಿಹಾಕಿ, ಗಡಿಯನ್ನೂ ತೆರೆದಿಟ್ಟ ಮೇಲೆ ಬಡ್ಡಿ, ಬೆಲೆಗಳ ಹಿಡಿತ ಕೈಯಲ್ಲಿ ಉಳಿಯದು. 1960ರ ದಶಕದಲ್ಲಿ ಅರ್ಥಶಾಸ್ತ್ರಜ್ಞರಾದ ಮಂಡೆಲ್ ಮತ್ತು ಫ್ಲೆಮಿಂಗ್ ಸಿದ್ಧಾಂತವಾಗಿ ಬರೆದದ್ದನ್ನು ಬೀದರಿನ ಪೇಟೆ ಅದಕ್ಕೂ ಮೊದಲೇ ಅನುಭವಿಸಿತ್ತು. ಹಾಲಿ ಕಲ್ದಾರಕ್ಕೆ, ಕಲ್ದಾರ 1927ರಿಂದ 1 ಶಿಲಿಂಗ್ 6 ಪೆನ್ಸ್ ದರಕ್ಕೆ ಬಿಗಿದುಕೊಂಡಿತ್ತು. ರೂಪಾಯಿಗೆ ಈ ದರ ದುಬಾರಿ, ರೈತನ ಬೆಲೆ ಕುಸಿಯುತ್ತದೆ ಎಂದು ಆ ದರವನ್ನು ಶಿಫಾರಸು ಮಾಡಿದ ಆಯೋಗದ ಸದಸ್ಯ ಪುರುಷೋತ್ತಮದಾಸ್ ಠಾಕೂರ್‌ದಾಸ್ ಭಿನ್ನಮತ ಬರೆದಿದ್ದರು. 1929ರ ನಂತರದ ಮಹಾಕುಸಿತದಲ್ಲಿ ಧಾನ್ಯದ ಬೆಲೆ ಇಳಿಯಿತು. ಸಾಹುಕಾರನ ಪತ್ರದಲ್ಲಿದ್ದ ಸಾಲದ ಮೊತ್ತ ಇಳಿಯಲಿಲ್ಲ. ದರ ಸಡಿಲಿಸಿ ರೈತನ ಹೊರೆ ಇಳಿಸುವ ದಾರಿಯನ್ನು ಹೈದರಾಬಾದ್ ತುಳಿಯಲೇ ಇಲ್ಲ. ಇಂದಿನ ಉದಾಹರಣೆ ಬೇಕೆಂದರೆ, ನೇಪಾಳ 1993ರಿಂದ 1.60ರ ದರದಲ್ಲಿ ಭಾರತದ ರೂಪಾಯಿಗೆ ಅಂಟಿಕೊಂಡಿದೆ. ಅಲ್ಲಿಯೂ ಇದೇ ಕಟ್ಟು.

ಸ್ವಂತ ನಾಣ್ಯದಿಂದ ಸಂಸ್ಥಾನಕ್ಕೆ ಲಾಭವಿರಲಿಲ್ಲವೆಂದಲ್ಲ. ಟಂಕಸಾಲೆಯ ಮತ್ತು ನೋಟಿನ ಆದಾಯ ಬೊಕ್ಕಸಕ್ಕೇ ಸೇರುತ್ತಿತ್ತು. 1942ರಲ್ಲಿ ವಹಿವಾಟು ಆರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಈ ನಾಣ್ಯದ ನಿರ್ವಹಣೆಯನ್ನೂ ಹೊತ್ತಿತು. ಆದರೆ ಆ ಆದಾಯ ಹಳ್ಳಿಯ ಸಾಲಗಾರನಿಗೆ ಆಸರೆಯಾಗಲಿಲ್ಲ.

ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ, 1950ರ ದಶಕದಲ್ಲಿ, ಹಾಲಿ ಹಂತಹಂತವಾಗಿ ಚಲಾವಣೆಯಿಂದ ಹೋಯಿತು. ಹಾಲಿಯನ್ನು ಭಾರತದ ರೂಪಾಯಿಗೆ ಬದಲಿಸುವಾಗ ದೊಡ್ಡ ಮೊತ್ತಕ್ಕೆ ಲೆಕ್ಕ ಸುಲಭ: 700 ಹಾಲಿ ಸಾಲಕ್ಕೆ 600 ರೂಪಾಯಿ. ಚಿಲ್ಲರೆಯಲ್ಲಿ ಹಾಗಲ್ಲ. ಹಾಲಿಯ ಒಂದಾಣೆಗೆ ಭಾರತದ 10 ಪೈ ಮತ್ತು ಒಂದು ಪೈಯ ಏಳನೆಯ ಎರಡು ಭಾಗ. ಅಂಥ ನಾಣ್ಯವೇ ಇರಲಿಲ್ಲ. ದಿನಗೂಲಿ, ಉಪ್ಪು, ಎಣ್ಣೆಯ ವ್ಯವಹಾರದಲ್ಲಿ ಆ ಭಾಗವನ್ನು ಯಾರಾದರೊಬ್ಬರು ಬಿಡಲೇಬೇಕಿತ್ತು. ಆಣೆಗಳಲ್ಲೇ ಬದುಕುವವನಿಗೆ, ಯಾರು ಬಿಡಬೇಕೆಂಬ ಪ್ರಶ್ನೆ ದಿನಕ್ಕೆ ಹಲವು ಸಲ ಎದುರಾಗುತ್ತಿತ್ತು. ನೂರು, ಸಾವಿರಗಳಲ್ಲಿ ವ್ಯವಹರಿಸುವವನಿಗೆ ಒಂದೇ ಸಲ.