ಮೇಲು ಯಾವುದು, ಕೆಳಗು ಯಾವುದು?

ತ್ರಾಸಿಯ ನಮ್ಮ ಹಿತ್ತಲಿನಲ್ಲಿ ಒಂದು ಡೊಂಕು ತೆಂಗಿನ ಮರವಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲ ಕಡಲ್ಕೊರೆತಕ್ಕೆ ಅದರ ಬುಡ ಸಡಿಲವಾಗಿ ಮರ ಅರ್ಧ ಮಲಗಿತು. ಅಪ್ಪ ಕಡಿಸಲು ಆಳು ಕರೆದರು. "ಕಡೀಬೇಡ ಮಗಾ, ಅದ್ ತಲೆ ಎತ್ತತ್ತ್ ಕಾಣ್" ಎಂದು ಅಜ್ಜಿ ತಡೆದರು. ಎರಡು ಮೂರು ವರ್ಷದಲ್ಲಿ ಸುಳಿ ನಿಜಕ್ಕೂ ಮೇಲಕ್ಕೆ ತಿರುಗಿತು. ಮಲಗಿದ ಕಾಂಡ ಮಾತ್ರ ಮಲಗಿದಂತೆಯೇ ಇದೆ. ಒಮ್ಮೆ ಗಟ್ಟಿಯಾದ ತೆಂಗಿನ ಕಾಂಡ ಮತ್ತೆ ನೆಟ್ಟಗಾಗುವುದಿಲ್ಲ. ತಿರುಗುವುದು ಬೆಳೆಯುವ ತುದಿ ಮಾತ್ರ. ಹಾಗಾಗಿ ಮರದ ಮೈಯಲ್ಲಿ ಮೊಣಕೈಯಂಥ ಒಂದು ಬಾಗು ಉಳಿದಿದೆ.

ಆ ಸುಳಿಗೆ ಮೇಲು ಯಾವುದೆಂದು ಹೇಳಿದವರು ಯಾರು? ಬೆಳಕು ಎನ್ನಬಹುದು. ಆದರೆ ಕತ್ತಲ ಮಣ್ಣಿನೊಳಗಿನ ಬೀಜಕ್ಕೂ ದಿಕ್ಕು ತಪ್ಪುವುದಿಲ್ಲವಲ್ಲ! ಇದನ್ನು ಪರೀಕ್ಷಿಸಲು ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ತನ್ನ ತೋಟದ ತೊರೆಗೆ ನೀರಿನ ಚಕ್ರ ಹೂಡಿ, ಅದಕ್ಕೆ ಬೀನ್ಸ್ ಬೀಜಗಳನ್ನು ಕಟ್ಟಿದ. ನಿಮಿಷಕ್ಕೆ 150ಕ್ಕೂ ಹೆಚ್ಚು ಸುತ್ತು ತಿರುಗುತ್ತಲೇ ಅವು ಮೊಳೆತವು. ಬೇರುಗಳೆಲ್ಲ ಚಕ್ರದ ಹೊರಗಡೆಗೆ, ಕುಡಿಗಳೆಲ್ಲ ನಡುವಿನ ಅಚ್ಚಿನ ಕಡೆಗೆ! ತಿರುಗುವ ಚಕ್ರ ಹೊರಕ್ಕೆ ತಳ್ಳುವ ಬಲವನ್ನೇ ಬೀಜಗಳು ಭೂಮಿಯ ಸೆಳೆತವೆಂದು ನಂಬಿದ್ದವು. ಅವನ ಬರಹ ಅಚ್ಚಾದದ್ದು 1806ರಲ್ಲಿ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ಉತ್ತರ ಪಡೆದ ಪ್ರಯೋಗ ನಾನು ಬೇರೆ ಕಂಡಿಲ್ಲ.

1880ರಲ್ಲಿ ಚಾರ್ಲ್ಸ್ ಡಾರ್ವಿನ್, ಮಗ ಫ್ರಾನ್ಸಿಸ್ ಜೊತೆ ಸೇರಿ, ಬೇರಿನ ತುದಿಯೇ ಸೆಳೆತವನ್ನು ಗ್ರಹಿಸುತ್ತದೆ ಎಂದು ಬರೆದ. 1900ರಲ್ಲಿ ನೆಮೆಕ್ ಮತ್ತು ಹೇಬರ್‌ಲಾಂಟ್ ಅದಕ್ಕೆ ಕಾರಣ ಸೂಚಿಸಿದರು: ಕೋಶದೊಳಗಿನ ಪಿಷ್ಟದ ಕಣಗಳು ತೂಕದಿಂದ ತಳಕ್ಕೆ ಇಳಿಯುತ್ತವೆ, ಗಿಡಕ್ಕೆ ಅದೇ ಸುಳಿವು.

ಡಾರ್ವಿನ್ನನ ಇನ್ನೊಂದು ಮಾತು ಜಗಳಕ್ಕೆ ಬಿತ್ತು. ಅಲಸಂದೆ ಬಳ್ಳಿ ಆಸರೆಯ ಕೋಲು ಹುಡುಕುತ್ತಾ ಗಾಳಿಯಲ್ಲಿ ಸುತ್ತುವುದನ್ನು ನೀವು ನೋಡಿರುತ್ತೀರಿ. ಬೆಳೆಯುವ ತುದಿಗಳೆಲ್ಲ ಸ್ವಲ್ಪವಾದರೂ ಹೀಗೆ ಸುತ್ತುತ್ತವೆ, ಅದು ಗಿಡದ ಹುಟ್ಟುಗುಣ ಎಂದ ಅವನು. ಅಲ್ಲ, ನೆಟ್ಟಗಾಗಲು ಹೋಗಿ ಹದ ತಪ್ಪಿ ಅತ್ತಿತ್ತ ಓಲಾಡುವುದಷ್ಟೇ, ಸೆಳೆತವಿಲ್ಲದಿದ್ದರೆ ಸುತ್ತೂ ಇಲ್ಲ ಎಂದರು ಬೇರೆಯವರು. ಭೂಮಿಯ ಮೇಲೆ ಕುಳಿತು ಇದನ್ನು ತೀರ್ಮಾನಿಸುವುದು ಹೇಗೆ? 1983ರ ನವೆಂಬರಿನಲ್ಲಿ ಕೊಲಂಬಿಯಾ ನೌಕೆಯಲ್ಲಿ ಸೂರ್ಯಕಾಂತಿ ಸಸಿಗಳು ಮೇಲೆ ಹೋದವು. ತೂಕವಿಲ್ಲದ ಅಲ್ಲಿಯೂ ಅವು ಸುತ್ತಿದವು. ನೂರು ವರ್ಷ ತಡವಾಗಿ ಡಾರ್ವಿನ್ ಗೆದ್ದ. ಪೂರ್ತಿಯಾಗಿ ಅಲ್ಲ, ಸೆಳೆತ ಆ ಸುತ್ತನ್ನು ಹಿಗ್ಗಿಸುತ್ತದೆ ಎಂದು ಮುಂದಿನ ಪ್ರಯೋಗಗಳು ತೋರಿಸಿದವು.

2024ರ ಡಿಸೆಂಬರ್ 30ರಂದು ಶ್ರೀಹರಿಕೋಟಾದಿಂದ ಇಸ್ರೋ ಕಳಿಸಿದ 8 ಬೀಜಗಳು ಅದೇ ಅಲಸಂದೆಯವು, ನಮ್ಮ ಕಡೆ ಭತ್ತ ಕೊಯ್ದ ಗದ್ದೆಗೆ ಹಾಕುವಂಥದ್ದು. ನಾಲ್ಕು ದಿನದಲ್ಲಿ ಮೊಳೆತವು. 2025ರ ಜೂನಿನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ಮೊಳಕೆ ಬರಿಸಲು ಒಯ್ದ ಹೆಸರುಕಾಳು, ಮೆಂತೆಯ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ತೂಕವಿಲ್ಲದಲ್ಲಿ ಮೊಳೆತ ಕಾಳಿನ ಪೋಷಕಾಂಶ, ವಂಶವಾಹಿ ಬದಲಾಗುತ್ತವೆಯೇ ಎಂಬುದು ಅವರ ಪ್ರಶ್ನೆ. ಕೋಸಂಬರಿ ತಿನ್ನುವವರು ಕೇಳಬೇಕಾದ ಪ್ರಶ್ನೆಯೇ.

ಅಜ್ಜಿ ಈಗಿಲ್ಲ. ಮರ ಇನ್ನೂ ಫಲ ಕೊಡುತ್ತಿದೆ. ಕಾಯಿ ಕೊಯ್ಯುವವನು ಮೊದಲು ಅದಕ್ಕೇ ಹತ್ತುತ್ತಾನೆ, ಅರ್ಧ ದಾರಿ ನಡೆದೇ ಹೋಗಬಹುದಲ್ಲ.