ಹಳೆಯ ಛಾಯಾಚಿತ್ರಗಳಲ್ಲಿ ಹಂಪೆಯ ತೇರುಬೀದಿಗಳು

ಪೂರ್ವಕಾಲದ ಸ್ಥಿತಿಗತಿಗಳನ್ನು ಅರಿಯಬೇಕೆಂಬವರಿಗೆ ಶಿಲಾಶಾಸನ, ತಾಮ್ರಪಟ, ತಾಡವಾಲೆ, ಕಡತ, ಕೈಫಿಯತ್ತುಗಳೆಂಬ ಸಾಧನಗಳು ಪ್ರಸಿದ್ಧವಾಗಿರುವವು. ಇವುಗಳ ಸಾಲಿನಲ್ಲಿ ಸೇರತಕ್ಕದ್ದಾದರೂ ನಮ್ಮ ಪಂಡಿತವರ್ಗದ ಲಕ್ಷ್ಯಕ್ಕೆ ಸಾಕಷ್ಟು ಬಾರದೆ ಉಳಿದ ಮತ್ತೊಂದು ಸಾಧನವುಂಟು. ಅದು ಹಳೆಯ ಛಾಯಾಚಿತ್ರವು. ಈ ಸ್ಮಾರಕ ಸಂಪುಟದ ನಿಮಿತ್ತವಾಗಿ ಭಕ್ತಜನರು ತಮ್ಮ ಮನೆಗಳ ಪೆಟ್ಟಿಗೆಗಳಿಂದ ತೆಗೆದು ಶ್ರೀಮಠಕ್ಕೆ ಒಪ್ಪಿಸಿದ ಚಿತ್ರಗಳಲ್ಲಿ ಹಂಪೆಯವೇ ಬಹಳ. ಅವುಗಳಲ್ಲಿ ಹಲವುಗಳ ಹಿಂಬದಿಯಲ್ಲಿ "ಹಂಪೆಯ ತೇರುಬೀದಿ" ಎಂದಿಷ್ಟೇ ಬರೆದಿರುವದು. ಯಾವ ತೇರುಬೀದಿ, ಯಾವ ಕಾಲದ್ದು, ಎಲ್ಲಿ ನಿಂತು ತೆಗೆದದ್ದು ಎಂಬ ಮೂರು ಪ್ರಶ್ನೆಗಳಿಗೆ ಬರೆದವರು ಉತ್ತರವಿತ್ತಿಲ್ಲ. ಆ ಉತ್ತರಗಳನ್ನು ಚಿತ್ರದಿಂದಲೇ ಹೇಗೆ ಪಡೆಯಬಹುದೆಂಬದನ್ನು ಇಲ್ಲಿ ವಿಚಾರಿಸುವೆನು.

ತರ್ಕಶಾಸ್ತ್ರವನ್ನು ಓದಿದವರಿಗೆ ಮೊದಲು ಒಂದು ಸಂದೇಹವು ಹುಟ್ಟಬಹುದು: ಛಾಯಾಚಿತ್ರವು ಪ್ರತ್ಯಕ್ಷವೋ ಅನುಮಾನವೋ? ಯಂತ್ರದ ಎದುರು ನಿಂತವನಿಗೆ ಅದು ಪ್ರತ್ಯಕ್ಷವೇ ಸರಿ. ನಮಗಾದರೋ ಅದು ಹೇತು ಮಾತ್ರ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ನೆರಳಿನಿಂದ ಹೊತ್ತನ್ನೂ ಬೆಟ್ಟದ ಅಂಚಿನಿಂದ ದಿಕ್ಕನ್ನೂ ಊಹಿಸಬೇಕು. ಹೇತುವಿದ್ದಲ್ಲಿ ಹೇತ್ವಾಭಾಸವೂ ಇರುವದರಿಂದ, ಚಿತ್ರವು ಸುಳ್ಳು ಹೇಳುವದಿಲ್ಲವೆಂಬ ಲೋಕೋಕ್ತಿಯನ್ನು ನಂಬಿ ಕೂಡ್ರುವದು ಯುಕ್ತವಲ್ಲ.

ಹಂಪೆಯ ಅತ್ಯಂತ ಪ್ರಾಚೀನ ಛಾಯಾಚಿತ್ರಗಳೆಂದರೆ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಆಂಗ್ಲನು ೧೮೫೬ನೆಯ ಇಸವಿಯಲ್ಲಿ ತೆಗೆದವುಗಳು. ಆಗ ಗಾಜಿನ ಅಥವಾ ಸುರುಳಿಯ ಫಿಲ್ಮಿನ ಸೌಕರ್ಯವು ಅವನಿಗಿರಲಿಲ್ಲ; ಮೇಣವನ್ನು ಹೀರಿಸಿದ ದೊಡ್ಡ ಕಾಗದದ ಹಾಳೆಗಳ ಮೇಲೆ ಬಿಂಬವನ್ನು ಹಿಡಿಯುತ್ತಿದ್ದನು. ಬಿಂಬವು ಮೂಡಲು ನಿಮಿಷಗಟ್ಟಲೆ ಸಮಯ ಬೇಕಾಗುತ್ತಿದ್ದ ಕಾರಣ ಬೀದಿಯಲ್ಲಿ ನಡೆದಾಡಿದ ಮನುಷ್ಯರಾಗಲಿ ದನಕರುಗಳಾಗಲಿ ಅದರಲ್ಲಿ ಉಳಿಯುವದಿಲ್ಲ. ಆದಕಾರಣ ಅಂಥ ಚಿತ್ರದಲ್ಲಿ ಬೀದಿಯು ಬರಿದಾಗಿ ಕಂಡರೆ ಊರು ನಿರ್ಜನವಾಗಿತ್ತೆಂದು ಬರೆಯುವದು ಮೇಲೆ ಹೇಳಿದ ಹೇತ್ವಾಭಾಸಕ್ಕೆ ಒಳ್ಳೆಯ ಉದಾಹರಣೆಯು. ಈ ಹಾಳೆಗಳು ಬಹುಕಾಲ ಅಜ್ಞಾತವಾಗಿದ್ದು ೧೯೮೦ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. ಅನಂತರ ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬವರು ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ ಅಲ್ಲಿಂದಲೇ ಮತ್ತೊಮ್ಮೆ ಚಿತ್ರಗಳನ್ನು ತೆಗೆದರು. ವಿರೂಪಾಕ್ಷನ ತೇರುಬೀದಿಯ ಪೂರ್ವದ ಕೊನೆಯ ಮಂಟಪದಲ್ಲಿ ಈ ಎರಡು ಬಗೆಯ ಚಿತ್ರಗಳನ್ನೂ ಜೋಡಿಜೋಡಿಯಾಗಿ ಯಾತ್ರಿಕರಿಗೆ ತೋರಿಸಲಾಗಿತ್ತು.

ನೂರಿಪ್ಪತ್ತೇಳು ವರ್ಷಗಳ ಹಿಂದೆ ಒಬ್ಬನು ಕಾಲೂರಿದ ನೆಲವನ್ನು ಮತ್ತೊಬ್ಬನು ಕಂಡುಹಿಡಿಯುವದು ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ಹಂಪೆಯಲ್ಲಿ ಅದು ಸುಸಾಧ್ಯವು. ಏಕೆಂದರೆ ಅಲ್ಲಿಯ ಗುಂಡುಬಂಡೆಗಳು ಒಂದರಂತೆ ಒಂದಿಲ್ಲ, ಮತ್ತು ಅವು ಕದಲುವದು ಅಪೂರ್ವ. ಹತ್ತಿರದ ಒಂದು ಕಂಬವನ್ನೂ ದೂರದ ಬೆಟ್ಟದ ಒಂದು ಬಂಡೆಯನ್ನೂ ಆರಿಸಿಕೊಳ್ಳಬೇಕು. ಚಿತ್ರದಲ್ಲಿ ಕಂಬವು ಬಂಡೆಯ ಬಲಗಡೆಗೆ ಇದ್ದು, ನಾವು ನಿಂತಲ್ಲಿಂದ ಅದು ಎಡಗಡೆಗೆ ಕಂಡರೆ ನಾವು ಎಡಕ್ಕೆ ಸರಿಯಬೇಕು. ಸರಿದಂತೆಲ್ಲ ಹತ್ತಿರದ ಕಂಬವು ಬಲಕ್ಕೆ ಜರುಗುವದು. ಇಂಥ ಎರಡು ಜೋಡಿಗಳು ಚಿತ್ರದಲ್ಲಿದ್ದಂತೆಯೇ ಏಕಕಾಲಕ್ಕೆ ಕೂಡಿಬಂದ ಸ್ಥಳವೇ ಮೂಲಸ್ಥಾನವು. ಇದಕ್ಕೆ ಯಂತ್ರವೇನೂ ಬೇಡ. ಚಿತ್ರದ ಒಂದು ಪ್ರತಿ, ಎರಡು ಕಣ್ಣು, ಬೆಳಗಿನ ಹೊತ್ತಿನ ತಾಳ್ಮೆ ಇಷ್ಟಿದ್ದರೆ ಸಾಕು. ಕಟ್ಟಡಗಳನ್ನು ನೆಚ್ಚಿ ಹುಡುಕುವವರು ಸಾಮಾನ್ಯವಾಗಿ ಮೋಸ ಹೋಗುವರು, ಮರಗಳನ್ನು ನೆಚ್ಚಿದವರು ನಿಶ್ಚಯವಾಗಿ ಮೋಸ ಹೋಗುವರು.

ಇನ್ನು "ತೇರುಬೀದಿ" ಎಂಬ ಬರಹದ ವಿಚಾರ. ಹಂಪೆಯಲ್ಲಿ ತೇರುಬೀದಿಯು ಒಂದಲ್ಲ, ಮುಖ್ಯವಾದವು ನಾಲ್ಕು. ನಾಲ್ಕಕ್ಕೂ ಇಕ್ಕೆಲಗಳಲ್ಲಿ ಕಲ್ಲುಕಂಬದ ಮಂಟಪಗಳ ಸಾಲುಂಟಾದ್ದರಿಂದ ಚಿತ್ರದಲ್ಲಿ ಒಂದನ್ನು ಇನ್ನೊಂದೆಂದು ಭ್ರಮಿಸುವದು ಸಹಜ. ವಿರೂಪಾಕ್ಷನ ಬೀದಿಯು ದೇವಾಲಯದಿಂದ ಪೂರ್ವಕ್ಕೆ ಸುಮಾರು ಮುಕ್ಕಾಲು ಕಿಲೋಮೀಟರು ಹರಿದು ಮತಂಗ ಪರ್ವತದ ಅಡಿಯಲ್ಲಿ ಕೊನೆಗೊಳ್ಳುವದು. ಆ ಕೊನೆಯಲ್ಲಿ ಏಕಶಿಲೆಯ ಎದುರು ಬಸವಣ್ಣನು ಸ್ವಾಮಿಯ ಕಡೆಗೆ ಮುಖಮಾಡಿ ಕುಳಿತಿರುವನು. ಪೂರ್ವದಿಂದ ನೋಡಿ ತೆಗೆದ ಚಿತ್ರವಾದರೆ ಎದುರಿಗೆ ಮಹಾಗೋಪುರವೂ ಎಡಗಡೆಗೆ ಹೇಮಕೂಟವೂ ಬಲಗಡೆಗೆ ನದಿಯ ದಿಕ್ಕೂ ಇರಲೇಬೇಕು. ಹೇಮಕೂಟವು ಬಲಕ್ಕೆ ಬಂದಿದ್ದರೆ ಚಿತ್ರವನ್ನು ಅಚ್ಚುಹಾಕುವಾಗ ಹಾಳೆಯನ್ನು ಮಗುಚಿ ಇಟ್ಟಿರುವರೆಂದು ತಿಳಿಯತಕ್ಕದ್ದು. ಹೀಗೆ ಎಡಬಲ ಪಲ್ಲಟವಾದ ಚಿತ್ರಗಳು ಅಚ್ಚಾದ ಪುಸ್ತಕಗಳಲ್ಲಿಯೂ ಸಿಗುವವು. ಹೆಂಗಸರ ಸೆರಗು ಎಡಹೆಗಲಿಗೆ ಬದಲು ಬಲಹೆಗಲ ಮೇಲೆ ಕಂಡರೂ, ಫಲಕದ ಅಕ್ಷರಗಳು ಕನ್ನಡಿಯಲ್ಲಿ ನೋಡಿದಂತೆ ಕಂಡರೂ ಇದೇ ಅನುಮಾನವನ್ನು ಮಾಡಬೇಕು.

ಅಚ್ಯುತರಾಯನ ಕಾಲದಲ್ಲಿ, ೧೫೩೪ರಲ್ಲಿ ಕಟ್ಟಿದ ತಿರುವೆಂಗಳನಾಥನ ದೇವಾಲಯವು ಉತ್ತರಾಭಿಮುಖವಾದದ್ದು. ಅದರ ಬೀದಿಯು ಉತ್ತರಕ್ಕೆ ನದಿಯತ್ತ ಹೋಗುವದು. ಆದ್ದರಿಂದ ಬೆಳಗಿನ ಅಥವಾ ಇಳಿಹೊತ್ತಿನ ಚಿತ್ರದಲ್ಲಿ ಅಲ್ಲಿಯ ಕಂಬಗಳ ನೆರಳು ಬೀದಿಗೆ ಅಡ್ಡವಾಗಿ ಬೀಳುವದು. ಪೂರ್ವಪಶ್ಚಿಮವಾಗಿರುವ ಉಳಿದ ಮೂರು ಬೀದಿಗಳಲ್ಲಿ ನೆರಳು ಬೀದಿಯ ಉದ್ದಕ್ಕೆ ಚಾಚಿಕೊಳ್ಳುವದು. ಇದೊಂದೇ ಗುರುತಿನಿಂದ ನಮಗೆ ಬಂದ ಚಿತ್ರಗಳಲ್ಲಿ ಎರಡನ್ನು ವಿರೂಪಾಕ್ಷನ ಬೀದಿಯೆಂಬ ಬರಹದಿಂದ ಬಿಡಿಸಿ ಅಚ್ಯುತರಾಯನ ಬೀದಿಗೆ ಸೇರಿಸಲಾಯಿತು. ಕೃಷ್ಣದೇವಾಲಯದ ಎದುರಿನ ಬೀದಿಯಾದರೋ ಬಹುಕಾಲ ಗದ್ದೆತೋಟಗಳ ನಡುವೆ ಮುಚ್ಚಿಹೋಗಿತ್ತು. ಅದರ ಉತ್ತರಪಾರ್ಶ್ವದ ಪುಷ್ಕರಣಿಯು ಕಂಡರೆ ಸಂಶಯವುಳಿಯದು. ಕಮಲಾಪುರದಿಂದ ಹಂಪೆಗೆ ಬರುವ ದಾರಿಯು ಈ ದೇವಾಲಯಕ್ಕೂ ಅದರ ಬೀದಿಗೂ ನಡುವೆಯೇ ಹಾಯುವದರಿಂದ ಗಾಡಿ ಮೋಟಾರುಗಳಿರುವ ಚಿತ್ರಗಳು ಇಲ್ಲಿಯವು ಹೆಚ್ಚಾಗಿ ಸಿಗುವವು. ವಿಠ್ಠಲನ ಬೀದಿಯು ಎಲ್ಲಕ್ಕೂ ವಿಶಾಲ, ಸುಮಾರು ಒಂದು ಕಿಲೋಮೀಟರು ಉದ್ದ. ಅದರ ಗುರುತಿಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ನೆರಳಿನಿಂದ ಋತುವನ್ನು ತಿಳಿಯುವದು ಜ್ಯೋತಿಷವನ್ನು ಬಲ್ಲವರಿಗೆ ಪ್ರಿಯವಾದ ವಿಷಯವು. ಹಂಪೆಯ ಅಕ್ಷಾಂಶವು ಹದಿನೈದು ಅಂಶಗಳಿಗಿಂತ ಸ್ವಲ್ಪ ಹೆಚ್ಚು. ಸೂರ್ಯನ ಕ್ರಾಂತಿಯು ಇದನ್ನು ಮೀರಿದಾಗ, ಎಂದರೆ ಮೇ ತಿಂಗಳ ಆದಿಯಿಂದ ಆಗಸ್ಟಿನ ಮೊದಲ ಹತ್ತು ದಿನಗಳವರೆಗೆ, ನಡುಹಗಲಿನಲ್ಲಿ ಸೂರ್ಯನು ನೆತ್ತಿಗಿಂತ ಉತ್ತರಕ್ಕೆ ಇರುವನು. ಆಗ ಮಾತ್ರ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುವದು. ಹೀಗಿರಲು ಉತ್ತರದ ಗೋಡೆಯು ಬೆಳಗಿದ, ನೆರಳು ಗಿಡ್ಡವಾದ ಚಿತ್ರವು ಸಿಕ್ಕಿದರೆ ತಿಂಗಳನ್ನು ಬಹುಮಟ್ಟಿಗೆ ಹೇಳಬಹುದು. ಅಲಂಕೃತವಾದ ರಥವು ಬೀದಿಯಲ್ಲಿ ನಿಂತ ಚಿತ್ರಕ್ಕೆ ಇಷ್ಟು ಲೆಕ್ಕ ಬೇಡ; ವಿರೂಪಾಕ್ಷನ ಮಹಾರಥೋತ್ಸವವು ಚೈತ್ರ ಪೂರ್ಣಿಮೆಯ ಕಾಲದ್ದೆಂಬದು ಯಾತ್ರೆಗೆ ಹೋದವರೆಲ್ಲರಿಗೂ ತಿಳಿದದ್ದೇ.

ಸಂವತ್ಸರವನ್ನು ನಿರ್ಣಯಿಸಲು ಕಟ್ಟಡಗಳಲ್ಲಿ ಆದ ಮಾರ್ಪಾಟುಗಳೇ ಆಧಾರವು. ಇವುಗಳಲ್ಲಿ ಅತಿ ಮುಖ್ಯವಾದದ್ದು ವಿಠ್ಠಲದೇವಾಲಯದ ಅಂಗಳದ ಕಲ್ಲಿನ ರಥ. ೨೦೧೭ರಿಂದ ಐವತ್ತು ರೂಪಾಯಿಗಳ ನೋಟಿನ ಮೇಲೆಯೂ ಮುದ್ರಿತವಾಗಿರುವ ಈ ರಥವು ವಸ್ತುತಃ ಗರುಡನ ಗುಡಿಯು. ಈಗ ಅದರ ತಲೆಯು ಬೋಳಾಗಿರುವದು. ಗ್ರೀನ್‌ಲಾ ತೆಗೆದ ಚಿತ್ರದಲ್ಲಾದರೋ ಅದರ ಮೇಲೆ ಇಟ್ಟಿಗೆ ಗಾರೆಗಳ ಶಿಖರವು ಸ್ಪಷ್ಟವಾಗಿ ಕಾಣುವದು. ಹತ್ತೊಂಬತ್ತನೆಯ ಶತಮಾನವು ಮುಗಿಯುವದರೊಳಗೆ ಅದನ್ನು ತೆಗೆದುಹಾಕಲಾಯಿತು. ಆ ಒಂದು ಕಾಗದದ ಹಾಳೆಯು ನಷ್ಟವಾಗಿದ್ದರೆ, ರಥಕ್ಕೆ ಶಿಖರವಿತ್ತೆಂದು ಹೇಳುವವನ ಮಾತನ್ನು ನಂಬಲು ನಮಗೆ ಕಣ್ಣಿಗೆ ಕಾಣುವ ಆಧಾರವೆಲ್ಲಿಯದು? ಶಿಖರವಿರುವ ಚಿತ್ರವೆಲ್ಲವೂ ಹಳೆಯದು, ಇಲ್ಲದ್ದು ಅನಂತರದ್ದು ಎಂಬ ನಿಯಮವನ್ನು ಧೈರ್ಯದಿಂದ ಹಿಡಿಯಬಹುದು.

ಆ ಶಿಖರವನ್ನು ಮತ್ತೆ ಕಟ್ಟಬೇಕೆಂದು ಕೆಲವರು ಆಡುವದನ್ನು ಕೇಳಿರುವೆನು. ನನಗೆ ಇದು ಸಮ್ಮತವಲ್ಲ. ಒಂದು ಮಗ್ಗುಲಿನ ಚಿತ್ರದಿಂದ ನಾಲ್ಕು ಮಗ್ಗುಲಿನ ಶಿಖರವನ್ನು ಕಟ್ಟುವವನು ಉಳಿದ ಮೂರನ್ನು ಸ್ವಕಪೋಲಕಲ್ಪನೆಯಿಂದ ತುಂಬಬೇಕಾಗುವದು. ಅದಕ್ಕಿಂತ ಚಿತ್ರದ ಪ್ರತಿಯೊಂದನ್ನು ರಥದ ಸಮೀಪದಲ್ಲಿ ಇಟ್ಟರೆ ನೋಡುವವರೇ ಶಿಖರವನ್ನು ಮನಸ್ಸಿನಲ್ಲಿ ಏರಿಸಿಕೊಳ್ಳುವರು. ರಥದ ಮುಂದಿನ ಆನೆಗಳ ಹಿಂದೆ ಕುದುರೆಗಳ ಹಿಂಗಾಲು ಬಾಲಗಳು ಇನ್ನೂ ಉಳಿದಿರುವವು. ಮೊದಲು ಅಲ್ಲಿ ಕುದುರೆಗಳಿದ್ದವೆಂಬದನ್ನು ಕಲ್ಲೇ ಹೇಳುವದು. ಆನೆಗಳನ್ನು ತೆಗೆದು ಕುದುರೆಗಳನ್ನು ಹೂಡಬೇಕೆಂದು ಯಾರೂ ಹೇಳುವದಿಲ್ಲವಷ್ಟೆ!

ಇಂಥವೇ ಬೇರೆ ಗುರುತುಗಳೂ ಉಂಟು. ೧೫೨೮ರ ಉಗ್ರನರಸಿಂಹ ಮೂರ್ತಿಯ ಮೊಣಕಾಲುಗಳ ನಡುವಿನ ಯೋಗಪಟ್ಟವು ಇತ್ತೀಚಿನ ಜೀರ್ಣೋದ್ಧಾರದಲ್ಲಿ ಕೂಡಿಸಿದ್ದು. ಅದಿಲ್ಲದ ಚಿತ್ರವು ಹಿಂದಿನದು. ಮಹಾನವಮಿ ದಿಬ್ಬದ ಸಮೀಪದ ಮೆಟ್ಟಿಲುಗಳ ಪುಷ್ಕರಣಿಯು ೧೯೮೦ರ ದಶಕದ ಉತ್ಖನನದಲ್ಲಿ ಹೊರಬಂದದ್ದರಿಂದ, ಆ ಸ್ಥಳದಲ್ಲಿ ಸಮನೆಲವೇ ಕಂಡರೆ ಚಿತ್ರವು ಅದಕ್ಕೂ ಹಳೆಯದೆಂದು ಸಿದ್ಧ.

ವಿರೂಪಾಕ್ಷನ ಬೀದಿಯ ಮಂಟಪಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕಾಗಿದೆ. ಅವುಗಳ ಕಂಬಗಳ ನಡುವೆ ಗೋಡೆಗಳನ್ನೆತ್ತಿ ಬಾಗಿಲುಗಳನ್ನಿಟ್ಟು ಜನರು ಬಹುಕಾಲ ಒಕ್ಕಲಾಗಿದ್ದರು. ಅಂಗಡಿ, ಖಾನಾವಳಿ, ತೆಂಗಿನಕಾಯಿ ಕರ್ಪೂರದ ಮಳಿಗೆಗಳು ಅಲ್ಲಿಯೇ ನಡೆಯುತ್ತಿದ್ದವು. ೨೦೧೧ನೆಯ ಇಸವಿ ಜುಲೈ ತಿಂಗಳಲ್ಲಿ ಇವುಗಳನ್ನೆಲ್ಲ ತೆರವುಗೊಳಿಸಲಾಯಿತು. ಪ್ರಾಚೀನ ಶಿಲ್ಪದ ರಕ್ಷಣೆಯು ಅವಶ್ಯವೆಂಬದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೂ ಹದಿನಾರನೆಯ ಶತಮಾನದ ಕಂಬಕ್ಕೆ ಇತಿಹಾಸವೆಂದು ಹೆಸರಿಟ್ಟು, ಅದಕ್ಕೆ ಒರಗಿ ಬಾಳಿದ ಮನೆಯವರನ್ನು ಇತಿಹಾಸವಲ್ಲವೆನ್ನುವದು ನನ್ನ ಮನಸ್ಸಿಗೆ ಒಪ್ಪದು. ಆ ಮನೆಗಳು ಹೋದ ಮೇಲೆ ಅವುಗಳ ರೂಪವು ಉಳಿದಿರುವದು ಯಾತ್ರಿಕರು ತೆಗೆಯಿಸಿಕೊಂಡ ಚಿತ್ರಗಳ ಹಿನ್ನೆಲೆಯಲ್ಲಿ ಮಾತ್ರ. ಅಜ್ಜ ಅಜ್ಜಿಯರು ಸಾಲಾಗಿ ನಿಂತ ಚಿತ್ರದಲ್ಲಿ ಅವರ ಭುಜಗಳ ಮೇಲಿಂದ ಕಾಣುವ ಒಂದು ಬಾಗಿಲು, ಒಂದು ಫಲಕ, ಒಂದು ಚಪ್ಪರ ಇವೇ ಈಗ ಸಾಕ್ಷಿಗಳು. ನಮಗೆ ಬಂದ ಚಿತ್ರಗಳಲ್ಲಿ ಹನ್ನೊಂದರಲ್ಲಿ ಇಂಥ ಮನೆಗಳಿರುವವು. ಗೋಪುರದಿಂದ ಎಷ್ಟನೆಯ ಕಂಬವೆಂದು ಎಣಿಸಿ ಅವುಗಳ ಸ್ಥಾನವನ್ನು ಗುರುತಿಸಿ ಬರೆದಿಡಲಾಗಿದೆ.

ಎದುರು ಬಸವಣ್ಣನ ಬಳಿಯಿಂದ ಮೆಟ್ಟಿಲುಗಳನ್ನೇರಿ ಗುಡ್ಡದ ಇಳಿಜಾರನ್ನು ದಾಟಿ ಅಚ್ಯುತರಾಯನ ಗುಡಿಗೆ ಇಳಿಯುವ ಹಳೆಯ ಕಾಲುದಾರಿಯು ಇಂದಿಗೂ ನಡೆಯುತ್ತಿರುವದು. ಅಲ್ಲಿಂದ ಮುಂದೆ ನದಿಯ ದಂಡೆಯ ದಾರಿಗಳನ್ನು ಚಿತ್ರದಲ್ಲಿ ಗುರುತಿಸುವಾಗ ನೀರಿನ ಮಟ್ಟವನ್ನು ನೋಡಬೇಕು. ವಿಠ್ಠಲದೇವಾಲಯದ ಸಮೀಪದಲ್ಲಿ ತುಂಗಭದ್ರೆಯ ಪಾತ್ರದಲ್ಲಿ ಪೂರ್ವದ ಸೇತುವೆಯ ಕಲ್ಲುಕಂಬಗಳು ನಿಂತಿರುವವು. ಹೊಸಪೇಟೆಯ ಬಳಿ ೧೯೪೫ರಲ್ಲಿ ಆರಂಭವಾದ ಅಣೆಕಟ್ಟಿಗೆ ೧೯೫೩ರಲ್ಲಿ ನೀರು ನಿಂತ ಮೇಲೆ ಹೊಳೆಯ ಏರಿಳಿತದ ಕ್ರಮವೇ ಬೇರೆಯಾಯಿತು. ಅದಕ್ಕೂ ಹಿಂದಿನ ಮಳೆಗಾಲದ ಚಿತ್ರದಲ್ಲಿ ಈ ಕಂಬಗಳ ಬುಡವನ್ನು ಕಾಣುವ ಆಸೆ ಬೇಡ. ತಳವಾರಘಟ್ಟದ ಹರಿಗೋಲಿನ ಚಿತ್ರಗಳಿಗೆ ಈ ಲೆಕ್ಕವು ಬಹಳ ಉಪಯೋಗಕ್ಕೆ ಬರುವದು. ದಡದ ದಾರಿಯಲ್ಲಿ ಕಲ್ಲೊಂದು ನೆಟ್ಟಿದ್ದರೆ ಅದರ ಅಕ್ಷರಗಳನ್ನೂ ಭೂತಗನ್ನಡಿಯಿಂದ ಓದಬೇಕು. ಬಳ್ಳಾರಿ ಸೀಮೆಯು ೧೯೫೩ರ ಅಕ್ಟೋಬರ್ ಒಂದರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು, ಮತ್ತು ಮೈಲುಗಳ ಎಣಿಕೆಯು ಕಿಲೋಮೀಟರಿಗೆ ತಿರುಗಿದ್ದು ಅದಕ್ಕೂ ಕೆಲವು ವರ್ಷಗಳ ಅನಂತರ.