ಗೆಂಡೆಮೀನಿನ ಥ್ರಾಂಬೋಸೈಟ್‌ಗಳು: ಹೆಪ್ಪುಗಟ್ಟುವಿಕೆ, ರೋಗನಿರೋಧ ಮತ್ತು ಮಲಪ್ರಭಾ ಬಯಲಿನ ಮೀನುಸಾಕಣೆ

ಗಾಯವಾದಾಗ ರಕ್ತ ಸೋರಿಹೋಗದಂತೆ ತಡೆಯುವ ವ್ಯವಸ್ಥೆ ಎಲ್ಲ ಕಶೇರುಕಗಳಲ್ಲೂ ಇದೆಯಾದರೂ ಆ ಕೆಲಸವನ್ನು ನಿರ್ವಹಿಸುವ ಘಟಕಗಳು ಎಲ್ಲೆಡೆ ಒಂದೇ ರೀತಿಯವಲ್ಲ. ಮನುಷ್ಯ ಮತ್ತಿತರ ಸಸ್ತನಿಗಳಲ್ಲಿ ಈ ಹೊಣೆ ಪ್ಲೇಟ್‌ಲೆಟ್‌ಗಳದು. ಇಟಲಿಯ ಬಿಜ್ಜೊಜೆರೊ 1880ರ ದಶಕದ ಆರಂಭದಲ್ಲಿ ಇವುಗಳ ಪಾತ್ರವನ್ನು ವಿವರಿಸಿದನು, ಅಸ್ಥಿಮಜ್ಜೆಯ ದೈತ್ಯಕೋಶಗಳಿಂದ ಒಡೆದು ಬರುವ ತುಣುಕುಗಳೇ ಇವು ಎಂಬುದನ್ನು 1906ರಲ್ಲಿ ಅಮೆರಿಕದ ಜೇಮ್ಸ್ ಹೋಮರ್ ರೈಟ್ ತೋರಿಸಿದನು. ಈ ತುಣುಕುಗಳಿಗೆ ಕೋಶಕೇಂದ್ರವಿಲ್ಲ. ಮೀನು, ಕಪ್ಪೆ, ಹಾವು, ಹಕ್ಕಿಗಳಲ್ಲಾದರೋ ಅದೇ ಕೆಲಸವನ್ನು ಕೋಶಕೇಂದ್ರವುಳ್ಳ ಪೂರ್ಣ ಕೋಶಗಳು ಮಾಡುತ್ತವೆ. ಇವುಗಳನ್ನು ಥ್ರಾಂಬೋಸೈಟ್‌ಗಳೆಂದು ಕರೆಯಲಾಗುತ್ತದೆ. ಕೋಶಕೇಂದ್ರವಿರುವುದರಿಂದ ಈ ಕೋಶಗಳು ತಮ್ಮ ವಂಶವಾಹಿಗಳನ್ನು ಚಾಲನೆಗೊಳಿಸಿ ಸನ್ನಿವೇಶಕ್ಕೆ ತಕ್ಕ ಪ್ರೋಟೀನುಗಳನ್ನು ಹೊಸದಾಗಿ ತಯಾರಿಸಬಲ್ಲವು. ರೋಗನಿರೋಧದಲ್ಲಿ ಇವುಗಳ ಪಾತ್ರವನ್ನು ಅರಿಯಲು ಈ ವ್ಯತ್ಯಾಸವೇ ಆಧಾರ.

ಮೀನಿನ ಮೂಳೆಯೊಳಗೆ ರಕ್ತ ಉತ್ಪಾದಿಸುವ ಮಜ್ಜೆ ಇಲ್ಲ. ಆ ಕೆಲಸವನ್ನು ಮೂತ್ರಪಿಂಡದ ಮುಂಭಾಗ ಮತ್ತು ಗುಲ್ಮ ನಿರ್ವಹಿಸುತ್ತವೆ. ಸಾಮಾನ್ಯ ಗೆಂಡೆಯಲ್ಲಿ ಥ್ರಾಂಬೋಸೈಟ್‌ಗಳು ಹುಟ್ಟುವ ಮುಖ್ಯ ನೆಲೆ ಗುಲ್ಮವಾಗಿದ್ದು, ಆರೋಗ್ಯವಂತ ಮೀನಿನ ರಕ್ತದಲ್ಲಿರುವ ಬಿಳಿಕೋಶಗಳ ಪೈಕಿ ಶೇಕಡ 30ರಿಂದ 40ರಷ್ಟು ಇವೇ ಆಗಿರುತ್ತವೆ. ಗಾಯವಾದೊಡನೆ ಇವು ಒಂದಕ್ಕೊಂದು ಅಂಟಿಕೊಂಡು ರಂಧ್ರವನ್ನು ಮುಚ್ಚುತ್ತವೆ, ಅವುಗಳ ಸುತ್ತ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಳ್ಳುತ್ತವೆ. ನೀರಿನಲ್ಲೇ ಬದುಕುವ ಜೀವಿಗೆ ಇದು ರಕ್ತವನ್ನು ಉಳಿಸುವ ಉಪಾಯವಷ್ಟೇ ಆಗಿರಲಾರದು. ಚರ್ಮ ಸೀಳಿದ ಕ್ಷಣದಿಂದಲೇ ನೀರಿನಲ್ಲಿರುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರದ ಬೀಜಕಗಳು ಒಳಹೊಗಲು ಹವಣಿಸುತ್ತಿರುವುದರಿಂದ, ಗಾಯದ ಬಳಿಗೆ ಮೊದಲು ಬರುವ ಕೋಶಕ್ಕೆ ಅವುಗಳನ್ನು ಎದುರಿಸುವ ಸಾಮರ್ಥ್ಯವೂ ಇದ್ದರೆ ಮೀನಿಗೆ ಲಾಭ.

ಆ ಸಾಮರ್ಥ್ಯ ಇದೆಯೆಂಬುದಕ್ಕೆ ಪ್ರಯೋಗಗಳ ಪುರಾವೆ ದೊರೆತಿದೆ. 2014ರಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಸಂಶೋಧಕರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಅಧ್ಯಯನವು, ಗೆಂಡೆಯ ಥ್ರಾಂಬೋಸೈಟ್‌ಗಳು ಸೂಕ್ಷ್ಮ ಕಣಗಳನ್ನೂ ಜೀವಂತ ಬ್ಯಾಕ್ಟೀರಿಯಾಗಳನ್ನೂ ಒಳಗೆ ಸೆಳೆದುಕೊಳ್ಳುತ್ತವೆ, ಅಂದರೆ ಕೋಶಭಕ್ಷಣೆ ನಡೆಸುತ್ತವೆ ಎಂದು ನಿರೂಪಿಸಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಆರೋಗ್ಯವಂತ ಗೆಂಡೆಯ ಥ್ರಾಂಬೋಸೈಟ್‌ಗಳಲ್ಲೇ ಸೈಟೋಕೈನ್‌ಗಳ (ಕೋಶಗಳು ಪರಸ್ಪರ ಸಂದೇಶ ರವಾನಿಸಲು ಬಳಸುವ ಪ್ರೋಟೀನುಗಳು) ಮತ್ತು ಸೂಕ್ಷ್ಮಾಣುಗಳ ಗುರುತು ಹಿಡಿಯುವ ಟೋಲ್ ಮಾದರಿ ಗ್ರಾಹಕಗಳ ವಂಶವಾಹಿಗಳು ಸಕ್ರಿಯವಾಗಿರುವುದನ್ನು ಕಂಡಿತು. ಅದೇ ಅಧ್ಯಯನದ ಎರಡನೆಯ ಭಾಗ ಹೆಚ್ಚು ಗಮನಾರ್ಹವಾದುದು. ಗೆಂಡೆಯ ರಕ್ತದಲ್ಲಿ ನೆಲೆಸುವ ಟ್ರಿಪನೋಪ್ಲಾಸ್ಮಾ ಬೊರೆಲಿ ಮತ್ತು ಟ್ರಿಪನೋಸೋಮಾ ಕರಾಸಿಯೈ ಎಂಬ ಎರಡು ಏಕಕೋಶ ಪರಾವಲಂಬಿಗಳನ್ನು ಹೋಲಿಸಿದಾಗ, ಮೊದಲನೆಯದರ ಸೋಂಕಿನಲ್ಲಿ ಮಾತ್ರ ರಕ್ತ ಮತ್ತು ಗುಲ್ಮಗಳೆರಡರಿಂದಲೂ ಥ್ರಾಂಬೋಸೈಟ್‌ಗಳು ಭಾರಿ ಪ್ರಮಾಣದಲ್ಲಿ ಕಣ್ಮರೆಯಾದವು. ದೇಹದ ಹೊರಗೆ, ಆರೋಗ್ಯವಂತ ಮೀನಿನ ಥ್ರಾಂಬೋಸೈಟ್‌ಗಳಿಗೆ ನೈಟ್ರಿಕ್ ಆಕ್ಸೈಡ್ ಸೇರಿಸಿದಾಗ ಅವು ಬಲುಬೇಗ ಯೋಜಿತ ಕೋಶಮರಣಕ್ಕೆ ಒಳಗಾದವು. ರೋಗಾಣುವನ್ನು ಕೊಲ್ಲಲೆಂದು ಮೀನಿನ ಭಕ್ಷಕಕೋಶಗಳೇ ಹೊರಸೂಸುವ ಈ ಅನಿಲವು ಅದರದೇ ರಕ್ಷಕ ಕೋಶಗಳನ್ನು ಬಲಿತೆಗೆದುಕೊಳ್ಳುವುದರಿಂದ ಪರಾವಲಂಬಿಗೆ ಅನುಕೂಲವಾಗುತ್ತಿರಬಹುದು. ಥ್ರಾಂಬೋಸೈಟ್‌ಗಳು ರಕ್ತಸ್ರಾವ ತಡೆಯುವ ಕೋಶಗಳು ಮಾತ್ರ ಎಂಬ ಹಳೆಯ ನಿಲುವಿನಿಂದ ಈ ಫಲಿತಾಂಶವನ್ನು ಅರ್ಥೈಸುವುದು ಕಷ್ಟ.

ಈ ವಿಷಯ ಗದಗ ಜಿಲ್ಲೆಯ ಉತ್ತರ ಭಾಗಕ್ಕೆ ದೂರದ್ದಲ್ಲ. ನರಗುಂದ ತಾಲೂಕಿನ ಕೊಣ್ಣೂರು ಮತ್ತು ರೋಣ ತಾಲೂಕಿನ ಹೊಳೆಆಲೂರು ಮಲಪ್ರಭೆಯ ದಡದ ಊರುಗಳು. ಗಜೇಂದ್ರಗಡದ ಕಡೆ ನದಿಯ ನೀರು ದೂರ, ಕೆರೆ ಮತ್ತು ಕೃಷಿಹೊಂಡಗಳೇ ಆಸರೆ. ಇಂಥ ನಿಂತ ನೀರಿನಲ್ಲಿ ಕಾಟ್ಲಾ, ರೋಹು, ಮೃಗಾಲ್‌ಗಳೊಂದಿಗೆ ಸಾಕಲು ಒಗ್ಗುವ ಮೀನು ಸಾಮಾನ್ಯ ಗೆಂಡೆ. ಇದರ ಜರ್ಮನ್ ತಳಿ 1939ರಲ್ಲಿ ನೀಲಗಿರಿಗೆ ಬಂತು, ಬಯಲುಸೀಮೆಯ ಬೆಚ್ಚನೆಯ ನೀರಿಗೆ ಹೆಚ್ಚು ಒಗ್ಗಿದ ಬ್ಯಾಂಕಾಕ್ ತಳಿ 1957ರಲ್ಲಿ ಭಾರತಕ್ಕೆ ಬಂತು. ಮೇಲೆ ಹೇಳಿದ ಪ್ರಯೋಗಗಳಲ್ಲಿ ಬಳಕೆಯಾದುದೂ ಇದೇ ಜಾತಿಯ ಮೀನೆಂಬುದರಿಂದ ಅವುಗಳ ಫಲಿತಾಂಶ ಇಲ್ಲಿನ ಹೊಂಡಗಳಿಗೆ ನೇರವಾಗಿ ಸಂಬಂಧಿಸುತ್ತದೆ. ಬೇಸಿಗೆಯಲ್ಲಿ ನೀರು ತಗ್ಗಿ ಮೀನುಗಳು ಒತ್ತೊತ್ತಾದಾಗ ಮೀನುಹೇನು ಮತ್ತು ಜಿಗಣೆಗಳ ಕಾಟ ಹೆಚ್ಚುತ್ತದೆ. ಹೇನು ಚರ್ಮಕ್ಕೆ ಗಾಯ ಮಾಡುತ್ತದೆ, ಜಿಗಣೆ ಗಾಯ ಮಾಡುವುದರ ಜೊತೆಗೆ ರಕ್ತದ ಪರಾವಲಂಬಿಗಳನ್ನೂ ಸಾಗಿಸುತ್ತದೆ. ಆ ಗಾಯಗಳ ಮೂಲಕ ಏರೊಮೊನಾಸ್ ಹೈಡ್ರೊಫಿಲಾ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕರೆ ಮೈಮೇಲೆ ಕೆಂಪು ಕಲೆಗಳು, ರಕ್ತಸ್ರಾವ, ಹುಣ್ಣುಗಳು ಕಾಣಿಸಿಕೊಳ್ಳುತ್ತವೆ. ಥ್ರಾಂಬೋಸೈಟ್‌ಗಳು ಕ್ಷೀಣಿಸಿದ ಮೀನಿಗೆ ಇದರಿಂದ ಎರಡು ಬಗೆಯ ಹಾನಿ: ರಕ್ತ ನಿಲ್ಲುವುದು ನಿಧಾನವಾಗುತ್ತದೆ, ಒಳಬಂದ ರೋಗಾಣುವನ್ನು ಮೊದಲಿಗೇ ಎದುರಿಸುವ ಕೋಶಗಳೂ ಕಡಿಮೆಯಾಗಿರುತ್ತವೆ.

ಹೀಗಿದ್ದರೂ ರಕ್ತಪರೀಕ್ಷೆಯಲ್ಲಿ ಈ ಕೋಶಗಳು ಸುಲಭವಾಗಿ ಕಣ್ತಪ್ಪುತ್ತವೆ. ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ತೆಳುವಾಗಿ ಸವರಿ ಬಣ್ಣ ಹಾಕಿದಾಗ ಕದಿರಿನ ಆಕಾರದ ಥ್ರಾಂಬೋಸೈಟ್‌ಗಳನ್ನು ಗುರುತಿಸಬಹುದು, ಆದರೆ ಗುಂಡಗಿನವು ಲಿಂಫೋಸೈಟ್ ಎಂಬ ಬಿಳಿಕೋಶಗಳಂತೆಯೇ ಕಾಣುತ್ತವೆ. ರಕ್ತ ತೆಗೆಯುವುದು ತಡವಾದರೆ ಅಥವಾ ಹೆಪ್ಪುನಿರೋಧಕ ಬೆರೆಸದಿದ್ದರೆ ಅವು ಗುಂಪುಗೂಡಿ ಲೇಪದ ಅಂಚಿಗೆ ಸರಿಯುವುದರಿಂದ ಎಣಿಕೆಯೇ ತಪ್ಪುತ್ತದೆ. ಬಿಳಿಕೋಶಗಳ ಮೂರನೆಯ ಒಂದು ಭಾಗದಷ್ಟಿರುವ ಗುಂಪನ್ನು ಇನ್ನೊಂದರ ಲೆಕ್ಕಕ್ಕೆ ಸೇರಿಸಿದರೆ, ಥ್ರಾಂಬೋಸೈಟ್‌ಗಳು ನಾಶವಾದಾಗ ಲಿಂಫೋಸೈಟ್‌ಗಳು ಕುಸಿದಿವೆ ಎಂಬ ತಪ್ಪು ತೀರ್ಮಾನಕ್ಕೆ ಪರೀಕ್ಷಕರು ಬರುವುದು ಖಚಿತ. ಪ್ರತಿಕಾಯಗಳ ನೆರವಿನಿಂದ ಇವೆರಡನ್ನೂ ಬೇರ್ಪಡಿಸುವ ವಿಧಾನವಿದೆ, ಆದರೆ ಅದು ದೊಡ್ಡ ಪ್ರಯೋಗಾಲಯಗಳಿಗೆ ಮಾತ್ರ ಸಾಧ್ಯ. ಹಳ್ಳಿಯ ಹೊಂಡದ ಮೀನಿಗೆ ಸಾಧ್ಯವಿರುವುದು ಎಚ್ಚರದಿಂದ ತಯಾರಿಸಿದ ರಕ್ತಲೇಪ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ ಹಾಗೂ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಅಧ್ಯಯನಕಾರರು ಮಲಪ್ರಭಾ ಬಯಲಿನ ಗೆಂಡೆಗಳ ರಕ್ತವನ್ನು ಮಳೆಗಾಲದಲ್ಲೂ ಕಡು ಬೇಸಿಗೆಯಲ್ಲೂ ಪರೀಕ್ಷಿಸಿ, ಥ್ರಾಂಬೋಸೈಟ್‌ಗಳಿಗೆ ವರದಿಯಲ್ಲಿ ಪ್ರತ್ಯೇಕ ಅಂಕಣವನ್ನು ಮೀಸಲಿಡುವುದು ಅಗತ್ಯ.